ಬೇಗಂ ಬಜಾರಿನ ಬಿರಾದರಿ

ಎಸ್‌ಟಿಡಿ ಬೂತಿನಿಂದ ಬಂದ ಅಮೆರಿಕದ ಕಪ್ಪು ಜನಾಂಗದ ಮೇಷ್ಟರು ಬೇಗಂ ಬಜಾರಿನ ಚಹಾದಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಕುಸಿದು ಕುಳಿತರು. ಅವರ ಕಾಲೇಜಿನ ಸೋದರ ಸಂಘದ ಗೆಳೆಯರೊಬ್ಬರು ತೀರಿಕೊಂಡಿದ್ದರಂತೆ. ಬಿಳಿಯರು ಹತ್ತಿರ ಸೇರಿಸದಿದ್ದಾಗ ಕಪ್ಪು ಹುಡುಗರೇ ಕಟ್ಟಿಕೊಂಡ ಸಂಘವದು. ಒಬ್ಬ ಹೋದರೆ ಉಳಿದವರು ಕೈ ಕೈ ಹಿಡಿದು ನಿಂತು ಅವನ ಹೆಸರು ಹೇಳಬೇಕು.

"ಇಲ್ಲಿ ನಾನೊಬ್ಬನೇ," ಎಂದರು ಇಂಗ್ಲಿಷಿನಲ್ಲಿ.

"ಏನಂತಾರ್ರಿ ಸಾಹೇಬ್ರು?" ಚಹಾದ ಕಾಕಾ ಕೇಳಿದರು.

"ಅವರ ಗೆಳೆಯರೊಬ್ಬರು ಹೋಗಿಬಿಟ್ಟಾರಂತ. ಕೈ ಹಿಡಿದು ಹೆಸರು ಹೇಳ್ಲಿಕ್ಕೆ ಇಲ್ಲಿ ಅವರ ಬಿರಾದರಿಯವರು ಯಾರೂ ಇಲ್ಲಂತ, ಕಾಕಾ."

"ಇಲ್ಲಂದ್ರ? ನಾವು ಇಂಡಿ ತಾಲೂಕಿನ ಕಡೆ ಬಿರಾದಾರರ ಅಲ್ಲೇನ್ರಿ!"

ಸೋದರ ಬಳಗವೆಂಬ ಅರ್ಥದಲ್ಲಿ ನಾನಂದ ಬಿರಾದರಿಯನ್ನು ತಮ್ಮ ಬಿರಾದಾರ ಮನೆತನವೆಂದೇ ತಿಳಿದ ಕಾಕಾ ಕೈ ಒರೆಸಿಕೊಂಡು ಬಂದು ಮೇಷ್ಟರ ಕೈ ಹಿಡಿದರು. ನಾನು ತಿದ್ದಲಿಲ್ಲ, ಇನ್ನೊಂದು ಕೈ ಹಿಡಿದೆ.

"ಹೋದವರ ಹೆಸರೇನ್ರಿ?" ಎಂದರು ಕಾಕಾ. ನಾನು ಅದನ್ನು ಇಂಗ್ಲಿಷಿನಲ್ಲಿ ಕೇಳಿದೆ.

"ಹೆನ್ರಿ," ಎಂದರು ಮೇಷ್ಟರು.

ಕಾಕಾ ಕಣ್ಣು ಮುಚ್ಚಿ ಗಟ್ಟಿಯಾಗಿ ಹೇಳಿದರು: "ಹೆನ್ರಿ ಬಿರಾದಾರ."