ಸೇತುವೆ ಪಿಕ್ಚರಿನ ಕೊನೆಯ ಹತ್ತು ನಿಮಿಷ

ನಮ್ಮ ಬ್ಯಾಟರಿಯಣ್ಣ ಒಂದೇ ಪಿಕ್ಚರನ್ನು ಸಾವಿರ ಸಲ ನೋಡಿದವರು. ಆದರೆ ಅದರ ಶುರುವನ್ನಾಗಲಿ ಕೊನೆಯನ್ನಾಗಲಿ ಒಂದು ಸಲವೂ ನೋಡಿದವರಲ್ಲ. ನಗುವವರು ನಗಲಿ. ಮೊದಲ ಸಲ ಕೇಳಿದಾಗ ನಾನೂ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನನ್ನ ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅವರ ವಾಸ. ಮದುವೆಯಿಲ್ಲ, ಬಂದು ಹೋಗುವ ನೆಂಟರೂ ಇಲ್ಲ. ಒಂದು ಮಂಚ, ಒಂದು ಸ್ಟವ್ವು, ಮೊಳೆಗೆ ನೇತುಹಾಕಿದ ಎರಡು ಅಂಗಿ. ಮೂವತ್ತೊಂದು ವರ್ಷ ಒಂದೇ ಚಿತ್ರಮಂದಿರದಲ್ಲಿ ಕತ್ತಲಲ್ಲಿ ಬ್ಯಾಟರಿ ಬಿಟ್ಟು ಜನರಿಗೆ ಸೀಟು ತೋರಿಸಿದವರು, ಹಾಗಾಗಿ ಆ ಹೆಸರು. ಆಟ ಶುರುವಾದ ಮೇಲೆ ಆರಾಮವಾಗಿ ಬರುವ ಮಹಾಶಯರಿಗೆ ಎಲ್ಲಿಯೂ ಬರವಿಲ್ಲವಲ್ಲ. ಅವರನ್ನೆಲ್ಲ ಕೂರಿಸುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತಿತ್ತು, ಅಷ್ಟು ಹೊತ್ತೂ ಪರದೆಗೆ ಬ್ಯಾಟರಿಯಣ್ಣನ ಬೆನ್ನು. ಇನ್ನು ಮುಗಿಯಲು ಹತ್ತು ನಿಮಿಷ ಇರುವಾಗಲೇ ಹಿಂದಿನ ಗೇಟು ತೆಗೆಯಲು ಹೋಗಬೇಕು. ಅವರ ಪಾಲಿಗೆ ಸಿಕ್ಕಿದ್ದು ಬರೀ ನಡು ಭಾಗ.

ಆ ಪಿಕ್ಚರಿಗೆ ಸರಿಯಾದ ಹೆಸರೊಂದು ಇತ್ತಂತೆ, ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರೂ ಸೇತುವೆ ಪಿಕ್ಚರ್ ಎಂದೇ ಕರೆಯುತ್ತಿದ್ದರು. ಹೊಸ ಚಿತ್ರದ ಪೆಟ್ಟಿಗೆ ಬರುವುದು ತಡವಾದಾಗಲೆಲ್ಲ ಮಾಲೀಕರು ಅದನ್ನೇ ಹಾಕುತ್ತಿದ್ದರು, ಹಾಕಿದಾಗಲೆಲ್ಲ ಹೌಸ್‌ಫುಲ್. ಹಿಮದ ಬೆಟ್ಟದಾಚೆಯ ಕೋಟೆಯಲ್ಲಿ ಸೆರೆ ಸಿಕ್ಕವರನ್ನು ಬಿಡಿಸಿಕೊಂಡು ಬರಲು ನಾಯಕ ಕುದುರೆ ಏರಿ ಹೊರಡುತ್ತಾನೆ. ದಾರಿಯಲ್ಲಿ ಪಾತಾಳದಂಥ ಕಂದಕ, ಅದರ ಮೇಲೆ ಹಗ್ಗದ ಸೇತುವೆ. ನಾಯಕನ ಗುಂಪಿನಲ್ಲಿ ಹಗ್ಗ ಹಿಡಿಯುವವನೊಬ್ಬ ಇದ್ದಾನೆ. ಮಾತು ಕಡಿಮೆ. ಎಲ್ಲರನ್ನೂ ದಾಟಿಸಿ ತಾನು ಕೊನೆಗೆ ದಾಟುವುದು ಅವನ ಕೆಲಸ. ಬ್ಯಾಟರಿಯಣ್ಣನಿಗೆ ನಾಯಕ ಬೇಕಿರಲಿಲ್ಲ, ನಾಯಕಿಯೂ ಬೇಕಿರಲಿಲ್ಲ. ಈ ಹಗ್ಗದವನೆಂದರೆ ಪ್ರಾಣ.

ಒಮ್ಮೆ ನನಗೆ ತಲೆ ಕೆಟ್ಟು ಕೇಳಿಯೇಬಿಟ್ಟೆ.

"ಅಣ್ಣಾ, ಅದೇ ಸೇತುವೆ, ಅದೇ ಕುದುರೆ. ಬೇಜಾರಾಗಲ್ವಾ ನಿಮಗೆ?"

"ಪರದೆ ನೋಡೋರಿಗೆ ಆಗಬಹುದು. ನಾನು ಜನಾನೂ ನೋಡ್ತಿದ್ದೆನಲ್ಲಪ್ಪಾ. ಸೇತುವೆ ಹಲಗೆ ಮುರೀತು ಅಂದ್ರೆ ಸಾಕು, ಎಲ್ಲರೂ ಕಾಲು ಮೇಲೆ ಎತ್ಕೊಳ್ಳೋರು. ಸಿಮೆಂಟು ನೆಲದ ಮೇಲೆ ಕೂತೋರಿಗೆ ಬೀಳೋ ಭಯ ಯಾಕೆ ಹೇಳು? ಅದೂ ಏಳನೇ ಸಲ ನೋಡೋರು! ಈಗಿನ ಪಿಕ್ಚರಲ್ಲಿ ಯಾರು ಯಾರನ್ನ ಹೊಡೀತಿದ್ದಾರೆ ಅಂತಾನೇ ತಿಳಿಯಲ್ಲ. ಅದರಲ್ಲಿ ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬೇಕು, ಕಿವುಡನಿಗೂ ಗೊತ್ತಾಗುತ್ತೆ."

ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟವರು ತಿರುಗಿ ಹೇಳಿದರು. "ಅದೂ ಅಲ್ದೆ, ಪ್ರತಿ ಸಲ ಅದರಲ್ಲಿ ಹೊಸದೊಂದು ಸಿಗ್ತಿತ್ತು ಕಣಪ್ಪಾ."

ಆ ಹೊಸದು ಸಿಗುತ್ತಿದ್ದದ್ದು ಅವರು ನೋಡದ ಕೊನೆಯಲ್ಲಿ. ಅದನ್ನು ಹೇಳುತ್ತಿದ್ದವರು ಟಿಕೆಟ್ ಕೌಂಟರಿನ ಮೇಡಂ. ಟಿಕೆಟ್ ಕೊಟ್ಟು ಮುಗಿದ ಮೇಲೆ ಆಕೆಗೆ ಬಿಡುವು, ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಎರಡು ಆಟಗಳ ನಡುವೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವ ರೂಢಿ. ಆ ಪಿಕ್ಚರ್ ಮೊದಲ ಸಲ ಬಂದ ವಾರ ಬ್ಯಾಟರಿಯಣ್ಣ ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ. "ಆ ಹಗ್ಗದವನು ಉಳೀತಾನಾ ಮೇಡಂ?" ಆಕೆ ಇವರ ಮುಖವನ್ನೇ ಒಂದು ಗಳಿಗೆ ನೋಡಿ, "ಉಳೀತಾನೆ. ಮನೆ ಸೇರ್ತಾನೆ," ಎಂದರಂತೆ.

ಅಲ್ಲಿಂದ ಪಿಕ್ಚರ್ ಬಂದಾಗಲೆಲ್ಲ ಆ ಮನೆಗೆ ಒಂದೊಂದೇ ಸಾಮಾನು ಸೇರತೊಡಗಿತು. "ಈ ಸಲ ಗಮನಿಸಿದೆ ಬ್ಯಾಟರಿಯವರೇ, ಬಾಗಿಲು ನೀಲಿ ಬಣ್ಣದ್ದು." ಮುಂದಿನ ವರ್ಷ ಕಿಟಕಿಯ ಪಕ್ಕ ಒಂದು ಕುರ್ಚಿ. ಅದರ ಮುಂದಿನ ವರ್ಷ ಒಲೆಯ ಮೇಲೆ ಕುದಿಯುವ ನೀರು, ಒರಸಿಕೊಳ್ಳಲು ಮಡಿಸಿಟ್ಟ ಬಟ್ಟೆ. ಬಾಗಿಲು ತೆಗೆದವರ ಮುಖ ಮಾತ್ರ ಕಾಣಿಸುವುದಿಲ್ಲವಂತೆ, ಬರೀ ಕೈ. ಬ್ಯಾಟರಿಯಣ್ಣ ಅದನ್ನೆಲ್ಲ ನನಗೆ ಎಷ್ಟು ಸಲ ವರದಿ ಒಪ್ಪಿಸಿದ್ದರೆಂದರೆ, ಪಿಕ್ಚರ್ ನೋಡದ ನನಗೂ ಆ ಮನೆ ಬಾಯಿಪಾಠವಾಗಿತ್ತು. ಚಹಾದಂಗಡಿಯ ಟಿವಿಯಲ್ಲಿ ಒಮ್ಮೆ ಅದು ಬಂದಿತ್ತಂತೆ. ಕೊನೆಯ ಹತ್ತು ನಿಮಿಷ ಇದೆ ಎನ್ನುವಾಗ ಕಾಲು ತಾನಾಗಿ ಎದ್ದು ಇವರನ್ನು ಬೀದಿಗೆ ಕರೆದುಕೊಂಡು ಬಂದುಬಿಟ್ಟಿತಂತೆ.

ಮೇಡಂ ತೀರಿಕೊಂಡು ಎರಡು ವರ್ಷದ ಮೇಲೆ ಚಿತ್ರಮಂದಿರ ಮಾರಾಟವಾಯಿತು. ಕೆಡವುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಸೇತುವೆ ಪಿಕ್ಚರನ್ನೇ ಹಾಕಿ, ಹಳೆಯ ಕೆಲಸಗಾರರನ್ನೆಲ್ಲ ಮಾಲೀಕರ ಮಗಳು ಕರೆದರು. ಬ್ಯಾಟರಿಯಣ್ಣ ಕೆಳಗಿಳಿದು ಬಂದು ಅಂಗಿಯನ್ನು ನನ್ನ ಮೇಜಿನ ಮೇಲಿಟ್ಟರು.

"ಗರಿಗರಿಯಾಗಿ ಮಾಡ್ಕೊಡು. ನೀನೂ ಬಾ. ಅಲ್ಲಿ ನಿಂತು ಅಭ್ಯಾಸ ನನಗೆ, ಒಬ್ಬನೇ ಕೂತು ಅಭ್ಯಾಸ ಇಲ್ಲ. ಆ ಮನೇನ ಒಂದು ಸಲ ಕಣ್ಣಾರೆ ನೋಡಿಬಿಡಬೇಕು."

ಅಷ್ಟು ದೊಡ್ಡ ಹಾಲಿನಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು. ಶುರುವಿನ ಕಾಲು ಗಂಟೆ ಬ್ಯಾಟರಿಯಣ್ಣ ಬಾಯಿ ಬಿಟ್ಟುಕೊಂಡು ನೋಡಿದರು. "ಓಹೋ, ಇದಕ್ಕಾ ಹಗ್ಗದವನು ಆಮೇಲೆ ಕುದುರೆ ಹತ್ತಿರ ಹೋಗಲ್ಲ ಅನ್ನೋದು!" ಎಂದು ನನ್ನ ತೊಡೆಗೆ ಬಾರಿಸಿದರು. ಮೂವತ್ತು ವರ್ಷದ ಲೆಕ್ಕವೊಂದು ಚುಕ್ತಾ ಆದವರ ಹಾಗೆ ಖುಷಿ. ಸೇತುವೆ ಬಂತು. ಅವರು ತಿರುಗಿ ಜನರನ್ನು ನೋಡಿದರು, ಯಾರೂ ಕಾಲು ಎತ್ತಲಿಲ್ಲ. ನಾನು ಎತ್ತಿದೆ. ಸುಳ್ಳು ಯಾಕೆ, ಅವರಿಗಾಗಿ ಅಲ್ಲ, ನಿಜವಾಗಿಯೂ ಎದೆ ಧಸಕ್ಕೆಂದಿತ್ತು.

ಕೊನೆ ಹತ್ತಿರವಾದಂತೆ ಅವರು ಸೀಟಿನ ತುದಿಗೆ ಸರಿದರು. ಏಳುತ್ತಾರೇನೋ ಎಂದು ಕೈ ಹಿಡಿದುಕೊಂಡೆ. ವಾಪಸು ಬರುವ ದಾರಿಯಲ್ಲಿ ಮತ್ತೆ ಅದೇ ಕಂದಕ. ಸೇತುವೆಯ ಕಂಬ ಕಿತ್ತು ಬರುತ್ತಿದೆ. ಹಗ್ಗದವನು ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ಬಂಡೆಗೆ ಕಾಲು ಕೊಟ್ಟು ನಿಂತ. ಒಬ್ಬೊಬ್ಬರಾಗಿ ದಾಟಿದರು.

"ನೋಡ್ತಿರು, ಈಗ ನೀಲಿ ಬಾಗಿಲು," ಎಂದು ಪಿಸುಗುಟ್ಟಿದರು.

ಬಂಡೆ ಜಾರಿತು. ಹಗ್ಗದವನು ಕೂಗಲೂ ಇಲ್ಲ. ಕೆಳಗೆ ಬರೀ ಹಿಮದ ಧೂಳು. ನಾಯಕ ಟೋಪಿ ತೆಗೆದು ಒಂದು ನಿಮಿಷ ನಿಂತ, ಆಮೇಲೆ ಕುದುರೆಗಳು ಹೊರಟವು. ದೀಪ ಹತ್ತಿತು.

"ಕೂತ್ಕೋ, ಇನ್ನೂ ಇದೆ," ಎಂದರು ಬ್ಯಾಟರಿಯಣ್ಣ.

"ಅಣ್ಣಾ, ಎಲ್ಲರೂ ಹೋಗ್ತಿದ್ದಾರೆ."

"ಒಂದು ರೀಲು ಹಾಕದೇ ಬಿಟ್ಟಿದ್ದಾನೆ. ಆ ಆಪರೇಟರನ ತಲೆಹರಟೆ ನನಗೆ ಗೊತ್ತಿಲ್ವಾ," ಎಂದು ದಡದಡ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಗೆ ಹೋದರು. ನಾನೂ ಹಿಂದೆ ಓಡಿದೆ. ಮುದುಕ ಆಪರೇಟರಿಗೆ ಸಿಟ್ಟು ಬಂತು.

"ಮೊದಲಿಂದ ಇಷ್ಟೇ ಕಣಯ್ಯಾ, ನಾನು ಹಾಕದೆ ಇನ್ಯಾರು ಹಾಕಿದ್ದು? ಮನೆ ಅಂತೆ ಮನೆ! ಆ ಪಿಕ್ಚರಲ್ಲಿ ಮನೇನೇ ಇಲ್ಲ, ಬರೀ ಬೆಟ್ಟ."

ಬ್ಯಾಟರಿಯಣ್ಣನ ಮುಖ ಸಪ್ಪಗಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಬಿಸಿಲು ಚುರುಗುಟ್ಟುತ್ತಿತ್ತು, ಏಳಲಿಲ್ಲ. ನನಗೆ ಮೇಡಂ ಮೇಲೆ ಕೋಪ ಬಂದಿತ್ತು. ಒಬ್ಬ ಅಮಾಯಕನಿಗೆ ಇಷ್ಟು ವರ್ಷ ಸುಳ್ಳು ಹೇಳುವುದೇ? ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಹಾಗೆಲ್ಲ ಅನ್ನಬೇಡ," ಎಂದರು. ನನ್ನನ್ನು ಅವರು ಗದರಿದ್ದು ಅದೊಂದೇ ಸಲ. ಆಮೇಲೆ ಪಕ್ಕದ ಮೆಟ್ಟಿಲನ್ನು ಕೈಯಿಂದ ಸವರುತ್ತ ಹೇಳಿದರು.

"ಮೇಡಂ ಕೆಲಸ ಬಿಟ್ಟ ದಿನಾನೂ ಇದೇ ಪಿಕ್ಚರ್ ಇತ್ತು. ಇಲ್ಲೇ ಕೂತಿದ್ವಿ. 'ಬ್ಯಾಟರಿಯವರೇ, ಇವತ್ತು ನೋಡಿದೆ, ಮೇಜಿನ ಮೇಲೆ ಎರಡು ತಟ್ಟೆ ಇದಾವೆ. ಇನ್ನೊಂದು ಯಾರಿಗೆ ಅಂತ ಕೇಳಲ್ವಾ?' ಅಂದ್ರು. ಕೇಳೋದೇನು ಮೇಡಂ, ಅವನ ತಾಯಿಗೇ ಇರಬೇಕು ಅಂದೆ. 'ಇರಬಹುದು' ಅಂದ್ರು. ಲೋಟ ತೊಳೆದಿಟ್ಟು, ಚೀಲ ತಗೊಂಡು ಹೋದ್ರು."

ಅವರು ಅಳುತ್ತಿದ್ದರು. ಗರಿಗರಿ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡರು.

"ಆಮೇಲೆ ಒಂಬತ್ತು ವರ್ಷ ಬದುಕಿದ್ರು ಕಣಪ್ಪಾ. ಇಲ್ಲಿಂದ ಮೂರು ಬೀದಿ ಆಚೆ, ಒಬ್ಬರೇ. ಒಂದು ಸಲಾನೂ ಹೋಗಿ ಬಾಗಿಲು ತಟ್ಟಲಿಲ್ಲ ನಾನು. ಪಿಕ್ಚರಿನ ಕೊನೆ ಗೊತ್ತಾಗಿದೆಯಲ್ಲ, ಇನ್ನೇನು ಕೇಳೋದಿದೆ ಅಂದ್ಕೊಂಡಿದ್ದೆ."