ಮಿಕ್ಸಿಂಗ್‌ನಲ್ಲಿ ಬಂದ ಅತ್ತೆ

ನಾನು ಚಿಕ್ಕವಳಿದ್ದಾಗ ನಮ್ಮ ಅಕ್ಕನ, ಅಂದರೆ ನಿಮ್ಮ ಅವ್ವನ, ಮದುವೆಯ ಸಿ.ಡಿ. ಮನೆಗೆ ಬಂದ ದಿನದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆಗ ನಾನು ಐದನೆಯ ಇಯತ್ತೆಯಲ್ಲಿದ್ದೆನೋ ಆರನೆಯದರಲ್ಲೋ, ಅದೇ ಸರಿಯಾಗಿ ನೆನಪಿಲ್ಲ. ಮದುವೆಯನ್ನು ಕಣ್ಣಾರೆ ನೋಡಿದ್ದು ಒಂದು ಸಲ. ಸಿ.ಡಿ.ಯನ್ನು ನೋಡಿದ್ದಕ್ಕೆ ಲೆಕ್ಕವಿಲ್ಲ. ಮನೆಗೆ ಯಾವ ನೆಂಟರು ಬಂದರೂ ಚಹಾದ ಜೊತೆ ಅದನ್ನೇ ಹಚ್ಚುತ್ತಿದ್ದೆವು. ಹೀಗಾಗಿ ನನ್ನ ತಲೆಯಲ್ಲಿರುವ ಮದುವೆಯಲ್ಲಿ ಯಾವುದು ಹಂದರದಲ್ಲಿ ನಡೆದದ್ದು, ಯಾವುದು ಟಿವಿಯಲ್ಲಿ ನಡೆದದ್ದು ಎಂದು ಬೇರೆ ಮಾಡಲು ಕುಳಿತರೆ ನನಗೆ ದಣಿವಾಗುತ್ತದೆ. ಓದಿದವಳು ಎಂಬುದು ಈ ಕೆಲಸದಲ್ಲಿ ಏನೂ ಉಪಯೋಗಕ್ಕೆ ಬಂದಿಲ್ಲ.

ಅದು ಆಷಾಢ. ಹೊಸ ಮದುಮಗಳು ತವರಿಗೆ ಬರುವ ತಿಂಗಳು, ಅಕ್ಕನೂ ಐನಾಪುರದ ನಮ್ಮ ಮನೆಗೆ ಬಂದಿದ್ದಳು. ಹೊರಗೆ ಗಾಳಿ ಬೀಸಿ ಬೀಸಿ ಅಂಗಳದ ಮಣ್ಣನ್ನೆಲ್ಲ ಒಳಗೆ ತಂದು ಸುರಿಯುತ್ತಿತ್ತು. ಮದುವೆ ಮುಗಿದು ತಿಂಗಳ ಮೇಲಾಗಿದ್ದರೂ ಮನೆಯ ದಣಿವು ಇಳಿದಿರಲಿಲ್ಲ. ಬಾಡಿಗೆ ತಂದ ಹಂಡೆಗಳನ್ನು ಕೊಟ್ಟು ಬಂದಾಗಿತ್ತು, ಆದರೆ ಅವುಗಳ ಮಸಿ ಇನ್ನೂ ಹಿತ್ತಲ ಗೋಡೆಗೆ ಅಂಟಿಕೊಂಡಿತ್ತು. ಅಪ್ಪ ಊರಿಗೆ ನೀರು ಬಿಡುವ ಕೆಲಸದವನು. ನಸುಕಿನಲ್ಲಿ ಎದ್ದು ಹೋಗಿ ಬಂದು, ಕುಳಿತಲ್ಲೇ ತೂಕಡಿಸುತ್ತಿದ್ದ. ಅವ್ವ ಮಾತಿಗೊಮ್ಮೆ "ಆತಲ್ಲ, ಎಲ್ಲಾ ಆತಲ್ಲ" ಎಂದು ಉಸಿರು ಬಿಡುತ್ತಿದ್ದಳು.

ದಣಿದಿದ್ದರೂ ಸುಮ್ಮನೆ ಕೂಡಲಾರದವಳು ಅತ್ತೆಯೊಬ್ಬಳೇ. ನೀವು 'ಆಯಿ' ಎಂದು ಕರೆಯುವ, ಅಪ್ಪನ ಅಕ್ಕ. ಅವಳ ಗಂಡ, ನಮ್ಮ ಮಾಮಾ, ಮದುವೆಯ ಹಿಂದಿನ ವರ್ಷ ತೀರಿಕೊಂಡಿದ್ದರು. ಆಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಅದಕ್ಕೂ ಮೊದಲು ಅಕ್ಕನೇ ಅವಳ ಮನೆಯಲ್ಲಿದ್ದು ಶಾಲೆ ಕಲಿತವಳು. ಅಕ್ಕನ ತಲೆಗೆ ಎಣ್ಣೆ ಹಚ್ಚಿ ಹೆಣೆದದ್ದು, ಜ್ವರ ಬಂದಾಗ ಎದ್ದು ಕುಳಿತದ್ದು, ಎಲ್ಲ ಅತ್ತೆಯೇ. ಅಕ್ಕನಿಗೆ ಇಬ್ಬರು ಅವ್ವಂದಿರು ಎಂದು ಓಣಿಯಲ್ಲಿ ನಗೆಯಾಡುತ್ತಿದ್ದರು.

ಮದುವೆಯ ದಿನ ಅತ್ತೆ ಹಿತ್ತಲಲ್ಲಿ ಕುಳಿತು ಬದನೆಕಾಯಿ ಹೆಚ್ಚಿದಳು. ಗಂಡ ತೀರಿದ ಹೆಂಗಸು ಶುಭಕಾರ್ಯದಲ್ಲಿ ಮುಂದೆ ನಿಲ್ಲಬಾರದೆಂಬ ರೂಢಿ ಆಗ ಇತ್ತು. ಆಗ ಇತ್ತು ಎಂದು ಬರೆದೆ. ಈಗ ಇಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ಅವಳಿಗೆ ಯಾರೂ ಬರಬೇಡ ಎನ್ನಲಿಲ್ಲ. ಬಾ ಎಂದೂ ಯಾರೂ ಅನ್ನಲಿಲ್ಲ. ಅಕ್ಕ ಬಾಸಿಂಗ ಕಟ್ಟಿಕೊಂಡು ಕುಳಿತಲ್ಲಿಂದ ಮತ್ತೆ ಮತ್ತೆ ತಿರುಗಿ ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದಳು. ಅವ್ವ ಅವಳ ಗದ್ದ ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದಳು.

ಸಿ.ಡಿ. ಬರುವ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಹೆಂಗರ ಮಾಡಿ ಅತ್ತೀನ ಟಿವಿ ಮುಂದ ಕುಂದರಸ. ಮದವೀದಾಗ ಆಗದ್ದು ಸಿ.ಡಿ.ದಾಗ ಮಾಡಿಸೇನಿ. ಅಕಿಗೆ ಸೇರತೈತೋ, ಸಿಟ್ಟ ಬರತೈತೋ, ನನಗ ಒಟ್ಟ ಹೊಳ್ಯಾಕತ್ತಿಲ್ಲ." ಏನು ಮಾಡಿಸಿದ್ದಾಳೆಂದು ಹೇಳಲಿಲ್ಲ.

ಮಧ್ಯಾಹ್ನ ಅಥಣಿಯಿಂದ ವಿಡಿಯೋದವನು ಮೋಟಾರ್ ಸೈಕಲ್ ಮೇಲೆ ಬಂದ. ಕರೆಂಟು ಇರಲಿಲ್ಲ. ಯಾವಾಗ ಬರುವುದೆಂದು ಯಾರಿಗೂ ಗೊತ್ತಿರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕರಿ ಟಿವಿಯ ಮುಂದೆ ಕುಳಿತರು. ಹುರಿದ ಶೇಂಗಾದ ಸಿಪ್ಪೆ ಗಾಳಿಗೆ ನೆಲದ ಮೇಲೆ ಹರಿದಾಡುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಸೆರಗು ಜಗ್ಗಿದೆ. ಅವಳು ಅಕ್ಕಿ ಹಸನು ಮಾಡುತ್ತಿದ್ದಳು.

"ನೀವ ನೋಡ್ರಿ. ನಾ ಏನ ಇರತೇನಿ ಅದರಾಗ" ಎಂದಳು. ಸಿಟ್ಟಿನಿಂದಲ್ಲ. ಹೊಗೆ ಬರುತ್ತದೆ, ಬಾಗಿಲು ಹಾಕು ಎಂದು ಹೇಳಿದ ಹಾಗೆ.

ಸಂಜೆಯ ಹೊತ್ತಿಗೆ ಕರೆಂಟು ಬಂತು. ಎಲ್ಲರೂ ಹೋ ಎಂದರು. ವಿಡಿಯೋದವನು ತಾನೇ ಎದ್ದು ಸಿ.ಡಿ. ಹಾಕಿ, ಟಿವಿಯ ಪಕ್ಕದಲ್ಲಿ ಮದುಮಗನ ತಂದೆಯಂತೆ ನಿಂತುಕೊಂಡ.

ಮೊದಲು ಗಣಪತಿ ಗರಗರ ತಿರುಗುತ್ತ ಬಂದ. ಅಕ್ಷರಗಳು ಒಂದೊಂದಾಗಿ ಹಾರಿ ಬಂದು, ಬೆಂಕಿ ಹತ್ತಿ ಉರಿದು, ಅಕ್ಕನ ಮತ್ತು ಭಾವನ ಹೆಸರಾದವು. ಗುಲಾಬಿ ಹೂವೊಂದು ಬಿರಿದು ಅದರೊಳಗಿಂದ ಅಕ್ಕನ ಮುಖ ಎದ್ದಿತು. ಆಮೇಲೆ ಅಕ್ಕ-ಭಾವ ಹಿಮದ ಬೆಟ್ಟದ ಮುಂದೆ ಕೈ ಹಿಡಿದು ನಿಂತಿದ್ದರು. ಇಬ್ಬರೂ ಮಿರಜಿನ ಆಚೆ ಹೋದವರಲ್ಲ.

"ಅಯ್ಯ ಶಿವನ! ಅಷ್ಟ ಬರ್ಫದಾಗ ಒಂದ ಶಾಲ ಸೈತ ಹೊಚ್ಚಿಲ್ಲಲೇ ಹುಡುಗಿಗೆ!" ಎಂದಳು ಎದುರುಮನೆಯ ಕಾಕು.

"ಕಾಕು, ಅದು ಇಫೆಕ್ಟ್‌ರಿ. ಥಂಡಿ ಹತ್ತಂಗಿಲ್ಲ" ಎಂದ ವಿಡಿಯೋದವನು.

"ಹಂಗಾದರ ನಮ್ಮನಿಯವರನ್ನೂ ಅಲ್ಲೇ ನಿಂದರಸಪಾ. ಇಲ್ಲಿ ಸೆಕಿ ಸೆಕಿ ಅಂತ ತಲಿ ತಿಂತಾರ."

ನಗೆಯ ನಡುವೆ ಅಪ್ಪ ಬಂದ, ಟಿವಿಯಲ್ಲಿ. ಮದುವೆಯ ದಿನ ಹಂದರದ ಕಂಬಕ್ಕೆ ಒರಗಿ ಆಕಳಿಸಿದ್ದನಂತೆ. ಆ ಆಕಳಿಕೆಯನ್ನು ವಿಡಿಯೋದವನು ನಿಧಾನ ಮಾಡಿ, ಮೇಲಿಂದ ಗುಲಾಬಿ ಪಕಳೆ ಉದುರಿಸಿದ್ದ. ಅಪ್ಪನ ಬಾಯಿ ಮೆಲ್ಲಗೆ, ಮೆಲ್ಲಗೆ ತೆರೆಯುತ್ತಲೇ ಹೋಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಅಪ್ಪ ಮಾತ್ರ ನಗಲಿಲ್ಲ, ಗೋಡೆಗೆ ಒರಗಿ ಅದೇ ರೀತಿ ಇನ್ನೊಮ್ಮೆ ಆಕಳಿಸಿದ.

ಆಮೇಲೆ ಅಕ್ಕಿಕಾಳು ಬೀಳುವ ಹೊತ್ತು ಬಂತು. ನಡುವೆ ಹಿಡಿದ ಅಂತರಪಟ ಸರಿಯಿತು, ಬಾಜಾ ಜೋರಾಯಿತು, ಎಲ್ಲರ ಕೈಯೂ ಮೇಲೆದ್ದಿತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ದುಂಡನೆಯ ಕಿಟಕಿ ತೆರೆದುಕೊಂಡಿತು. ಅದರೊಳಗೆ ಅತ್ತೆ. ಹಸಿರು ಸೀರೆ, ಕೈ ತುಂಬ ಬಳೆ, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಕೈ ಎತ್ತಿ ಅಕ್ಕಿಕಾಳು ಹಾಕಿದಳು. ಕಾಳುಗಳು ಅವಳ ಬೆರಳಿನಿಂದ ಹೊರಟು, ಕಿಟಕಿಯ ಅಂಚು ದಾಟಿ, ಹೊಳೆಯುವ ಚುಕ್ಕೆಗಳಾಗಿ ಪರದೆಯ ತುಂಬ ಹರಡಿ, ಅಕ್ಕನ ತಲೆಯ ಮೇಲೆ ಇಳಿದವು.

ಕೋಣೆಯಲ್ಲಿ ಶೇಂಗಾ ಸುಲಿಯುವ ಸದ್ದೂ ನಿಂತಿತು. ಅಕ್ಕ ಟಿವಿ ನೋಡುತ್ತಿರಲಿಲ್ಲ, ಅಡುಗೆಮನೆಯ ಹೊಸ್ತಿಲು ನೋಡುತ್ತಿದ್ದಳು.

"ಅಕ್ಕಾರ, ಲಗೂ ಬರ್ರಿ! ನೀವ ಬಂದೀರಿ ಇಲ್ಲಿ!" ಎಂದು ಕಾಕು ಕೂಗಿದಳು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದಳು. ವಿಡಿಯೋದವನು ಹುರುಪಿನಿಂದ ಅದೇ ಜಾಗವನ್ನು ಮತ್ತೆ ಹಚ್ಚಿದ. ಕಿಟಕಿ ತೆರೆಯಿತು, ಚುಕ್ಕೆಗಳು ಹಾರಿದವು.

"ಇಕಿ ಯಾರ?" ಎಂದಳು ಅತ್ತೆ.

"ನೀವರಿ! ಹಳೇ ಕ್ಯಾಸೆಟ್ ಇತ್ತಲ್ರಿ, ನಿಮ್ಮ ಸಣ್ಣ ತಮ್ಮನ ಮದವೀದು. ಅದರಾಗಿಂದ ಕಟ್ ಮಾಡಿ ಇಲ್ಲಿ ಕುಂದರಸೇನಿ. ಮದಮಗಳ ತಂದು ಕೊಟ್ಟಿದ್ಲು. 'ನಮ್ಮತ್ತಿ ಇಲ್ಲದ ಇದು ನನ್ನ ಮದವೀನ ಅಲ್ಲ' ಅಂದ್ಲರಿ. ಕ್ಯಾಮೆರಾದಾಗ ಇರಲಿಲ್ಲ, ಮಿಕ್ಸಿಂಗ್‌ದಾಗ ಬಂದ್ರಿ."

ಅತ್ತೆ ಸೆರಗು ಸರಿಮಾಡಿಕೊಂಡಳು. ಆಮೇಲೆ, "ಅವತ್ತ ನಾ ಹಿತ್ತಲದಾಗ ಬದನೀಕಾಯಿ ಹೆಚ್ಚಾಕತ್ತಿದ್ನಿ. ಅದನ್ನ ಯಾಕ ತಗೀಲಿಲ್ಲಪಾ?" ಎಂದಳು.

ವಿಡಿಯೋದವನ ಮುಖದ ಹುರುಪು ಇಳಿಯಿತು. "ಲೈಟಿನ ವಾಯರ್ ಅಲ್ಲೀತನಕ ಮುಟ್ಟಲಿಲ್ರಿ" ಎಂದ. ಅದು ಸುಳ್ಳಿರಲಿಕ್ಕಿಲ್ಲ.

"ತಗದಬಿಡು ಇದನ್ನ. ಇದ್ದಲ್ಲಿ ತೋರಸಲಿಲ್ಲ, ಇಲ್ಲದಲ್ಲಿ ತಂದ ನಿಂದರಸೀ. ಬೀಗರ ಮನ್ಯಾಗ ನೋಡಿದವರು ಏನಂದಾರು?"

"ಅತ್ತೀ" ಎಂದಳು ಅಕ್ಕ. ಅವಳು ಅಳುತ್ತಿದ್ದಳು. ಅವ್ವ ಒಂದು ಕಡೆ, ಅಪ್ಪ ಒಂದು ಕಡೆ, ಇಬ್ಬರೂ ನೆಲ ನೋಡುತ್ತಿದ್ದರು.

ವಿಡಿಯೋದವನು ಚಿತ್ರವನ್ನು ಅಲ್ಲೇ ನಿಲ್ಲಿಸಿದ್ದ. ಮುಂದೆ ಹಚ್ಚು ಎನ್ನುವವರಿರಲಿಲ್ಲ. ಕೋಣೆಯಲ್ಲಿ ಅದೊಂದೇ ಬೆಳಕು. ಆಗ ನಾನೂ ಸರಿಯಾಗಿ ನೋಡಿದೆ. ಅಂಟಿಸಿದ್ದು ಎಂದು ತಿಳಿಯುತ್ತಿತ್ತು. ಅತ್ತೆಯ ಮೇಲಿನ ಬಿಸಿಲು ಬೇರೆ ದಿಕ್ಕಿನದು, ಬಣ್ಣ ಕೆಂಪಡರಿತ್ತು. ಅವಳ ಕಣ್ಣು ಅಕ್ಕನ ಮೇಲಿರಲಿಲ್ಲ, ಆ ಹಳೆಯ ಮದುವೆಯ ಮದುಮಗಳ ಮೇಲಿತ್ತು. ದುಂಡು ಕಿಟಕಿಯ ಬಲ ಅಂಚಿನಲ್ಲಿ, ಅತ್ತೆಯ ಭುಜಕ್ಕೆ ಹತ್ತಿ, ಬಿಳಿ ಅಂಗಿಯ ತೋಳೊಂದು ಅರ್ಧ ಕತ್ತರಿಸಿ ಉಳಿದಿತ್ತು.

ಅತ್ತೆಯೂ ಅದನ್ನು ನೋಡಿದಳು. ಹೆಂಗಸರ ನಡುವೆ ಹಾದು ಟಿವಿಯ ಹತ್ತಿರ ಹೋಗಿ ಬಗ್ಗಿದಳು. ಗಾಜಿನ ಮೇಲೆ ಬೆರಳಿಟ್ಟಳು.

"ಇದ ಅವರ ಅಂಗಿ" ಎಂದಳು.

ಬೆರಳು ತೆಗೆಯದೆ ವಿಡಿಯೋದವನ ಕಡೆ ತಿರುಗಿದಳು.

"ಒಂಚೂರ ಈ ಕಡೆ ಸರಸಾಕ ಬರತೈತೇನಪಾ?"

ವಿಡಿಯೋದವನು ತಲೆ ತಗ್ಗಿಸಿದ. ಹಳೇ ಕ್ಯಾಸೆಟ್ಟಿಗೆ ಬೂಸು ಹಿಡಿದಿತ್ತು, ಎಷ್ಟು ಒರೆಸಿದರೂ ಇಷ್ಟೇ ಬಂತು, ಮಿಕ್ಕದ್ದೆಲ್ಲ ಬರೀ ಗೆರೆ, ಅದರ ಮೇಲೆ ರೀಲೂ ಹರಿದುಹೋಯಿತು ಎಂದು ಮೆಲ್ಲಗೆ ಹೇಳಿದ. ಮಾಮಾನ ಮುಖ ಅದರಲ್ಲಿ ಇತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅತ್ತೆ ಮಾತ್ರ. ತೋಳು ಕಿಟಕಿಯೊಳಗೆ ಉಳಿದದ್ದು ಅವನ ಕೈತಪ್ಪು.

ಅತ್ತೆ ಬೆರಳನ್ನು ಇನ್ನಷ್ಟು ಹೊತ್ತು ಅಲ್ಲೇ ಇಟ್ಟಿದ್ದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಇರಲಿ ಬಿಡ. ತಗೀಬ್ಯಾಡ" ಎಂದಳು. ಮತ್ತೆ ಒಳಗೆ ಹೋಗಿ ಅಕ್ಕಿಯ ಮೊರ ಎತ್ತಿಕೊಂಡಳು. ಅಕ್ಕ ಹೋಗಿ ಅವಳ ಪಕ್ಕ ಕುಳಿತಳು. ಇಬ್ಬರೂ ಕೂಡಿ ಅಕ್ಕಿ ಹಸನು ಮಾಡಿದರು. ಸಿ.ಡಿ.ಯ ಉಳಿದ ಊಟದ ಪಂಕ್ತಿಯನ್ನು ಓಣಿಯವರಷ್ಟೇ ನೋಡಿದರು.

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ನನ್ನೊಳಗೆ ಇನ್ನೊಂದು ಚಿತ್ರವಿದೆ, ಅದು ಯಾವ ಸಿ.ಡಿ.ಯಲ್ಲೂ ಇಲ್ಲ. ಮದುವೆಯ ದಿನ, ಬಾಜಾ ಜೋರಾದಾಗ, ಯಾರೋ ನೀರು ತರಲು ನನ್ನನ್ನು ಹಿತ್ತಲಿಗೆ ಓಡಿಸಿದ್ದರು. ಹೆಚ್ಚಿದ ಬದನೆಕಾಯಿ ಕಪ್ಪಾಗದಿರಲೆಂದು ಹರಳುಪ್ಪು ಕದಡಿದ ನೀರಿನ ಪಾತ್ರೆಗೆ ಹಾಕಿದ್ದರು. ಅತ್ತೆ ಈಳಿಗೆ ಬಿಟ್ಟು ಎದ್ದು, ಹಿತ್ತಲ ಬಾಗಿಲ ಚೌಕಟ್ಟಿಗೆ ಒರಗಿ ಹಂದರದ ಕಡೆ ನೋಡುತ್ತಿದ್ದಳು. ಬಲಗೈ ಮುಷ್ಟಿ ಬಿಗಿದಿತ್ತು. ಬೆರಳ ಸಂದಿನಲ್ಲಿ ಬೆಳ್ಳಗೆ ಏನೋ ಇತ್ತು. ಇದನ್ನು ನಾನು ನೋಡಿದೆನೇ? ಅಥವಾ ಟಿವಿಯಲ್ಲಿ ಅವಳ ಕೈ ಮೇಲೆದ್ದುದನ್ನು ಎಷ್ಟೋ ಸಲ ನೋಡಿ, ಆಮೇಲೆ ಅದನ್ನು ತಂದು ಹಿತ್ತಲ ಬಾಗಿಲಲ್ಲಿ ನಾನೇ ಅಂಟಿಸಿದೆನೇ? ವಿಡಿಯೋದವನ ಅಂಟು ಕಾಣುತ್ತಿತ್ತು. ನನ್ನ ಅಂಟು ನನಗೇ ಕಾಣುವುದಿಲ್ಲ.

ಕಳೆದ ದೀಪಾವಳಿಗೆ ನೀವಿಬ್ಬರೂ ಬಂದಿದ್ದಿರಿ. ಫೋಟೋದಲ್ಲಿ ಹಿಂದೆ ನಿಂತಿದ್ದ ಎದುರುಮನೆಯ ಎಮ್ಮೆಯನ್ನು ಫೋನಿನ ಮೇಲೆ ಬೆರಳಿನಿಂದ ತಿಕ್ಕಿ ಅಳಿಸಿದಿರಿ. ಅಪ್ಪನಿಗೆ ಮೊಲದ ಕಿವಿ ಹಚ್ಚಿ ಬಿದ್ದು ಬಿದ್ದು ನಕ್ಕಿರಿ. ಆ ಹಳೆಯ ಸಿ.ಡಿ. ಈಗ ನಿಮ್ಮ ಫೋನಿನಲ್ಲೇ ಇದೆ. ಹಿಮದ ಬೆಟ್ಟ ನೋಡಿ "ಇದ ಸುಳ್ಳ" ಎಂದು ಒಂದೇ ನೋಟಕ್ಕೆ ಹಿಡಿದಿರಿ. ಆಗ ಒಬ್ಬ ಮನುಷ್ಯ ಅಥಣಿಯಲ್ಲಿ ದಿನಗಟ್ಟಲೆ ಕುಳಿತು ಮಾಡಿದ್ದನ್ನು ನೀವು ಚಹಾ ಆರುವುದರೊಳಗೆ ಮಾಡುತ್ತೀರಿ. ಆದರೆ ದುಂಡು ಕಿಟಕಿ ಬಂದಾಗ ನಿಮ್ಮಲ್ಲೊಬ್ಬರು, "ಆಯಿ ಹಸರ ಸೀರ್ಯಾಗ ಎಷ್ಟ ಚಂದ ಕಾಣತಾಳ, ಅವ್ವಾನ ಮದವ್ಯಾಗ ಎಲ್ಲಾರ್ಕಿಂತ ಮುಂದ ನಿಂತಾಳ" ಎಂದಿರಿ. ಬಾಯಿ ತೆರೆದವಳು ಸುಮ್ಮನಾದೆ. ನಿಮ್ಮ ಪಾಲಿಗೆ ಅವಳು ಮುಂದೆಯೇ ನಿಂತಿದ್ದಾಳೆ. ಈಗಲೂ ಮದುವೆಗಳಲ್ಲಿ ಅವಳು ಹಿಂದೆಯೇ ಕೂರುತ್ತಾಳೆ. ಈಗ ಕೇಳಿದರೆ ಮೊಣಕಾಲು ನೋವು ಎನ್ನುತ್ತಾಳೆ.

ಅಂದು ಸಂಜೆ ನೀವು ಪಟಾಕಿ ಹಚ್ಚಲು ಓಡಿದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಬಾಗಿಲು ನೋಡಿದಳು. ಹೊರಗೆ ನಿಮ್ಮ ಪಟಾಕಿ ಸಿಡಿಯುತ್ತಿತ್ತು, ಕೇಳಿಸಲಿಲ್ಲವೇನೋ ಎಂದುಕೊಂಡೆ. ಆಮೇಲೆ ಎರಡು ಸಲ ಊರಿಗೆ ಹೋಗಿ ಬಂದೆ. ಅವಳೂ ಆ ಮಾತು ತೆಗೆಯಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೀ, ಅವತ್ತ ಅಕ್ಕಿಕಾಳ ಬೀಳುಮುಂದ ಈ ಬಾಗಲದಾಗ ನಿಂತಿದ್ದಿಯಲ್ಲ, ನಿನ್ನ ಮುಷ್ಟ್ಯಾಗ ಇದ್ದದ್ದು ಅಕ್ಕಿಯೋ, ಉಪ್ಪೋ?"