ಕರಿಯವ್ವ ಬಿಟ್ಟುಕೊಡದ ನುಡಿ

ಬ್ಯಾಡಗಿಯ ಮಾರುಕಟ್ಟೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಹಾಡು ಎತ್ತಿಕೊಡುವವಳು ಕರಿಯವ್ವ. ಘಾಟಿಗೆ ಅವಳ ಗಂಟಲು ಒರಟಾಗಿತ್ತು, ಮಾತೂ ಅಷ್ಟೇ. ಅಂಥವಳ ಹಾಡುಗಳ ಕ್ಯಾಸೆಟ್ ಮಾಡಿಸುತ್ತೇನೆಂದು ದಲಾಲಿ ಅಂಗಡಿಯ ಪ್ರಭುಲಿಂಗಪ್ಪ ಮುಂದೆ ಬಂದದ್ದು ತೊಂಬತ್ತೆರಡರ ಸುಗ್ಗಿಯಲ್ಲಿ. ಕವರಿನ ಮೇಲೆ ತನ್ನ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ ಇರಬೇಕೆಂಬುದು ಅವನ ಆಸೆ. ದೊಡ್ಡ ಮನಸ್ಸೇನೂ ಅಲ್ಲ, ಬಿಡಿ.

ರೆಕಾರ್ಡಿಂಗು ರಾಣೆಬೆನ್ನೂರಿನ ದಾದಾಸಾಬನ ಕೋಣೆಯಲ್ಲಿ. ಮೊದಲೆಲ್ಲ ಅವನು ಜೋಳ ತುಂಬಿಡುವ ನೆಲದೊಳಗಿನ ಹಗೇವು ಬರಿದಾದಾಗ ಅದರೊಳಗೆ ಸ್ಪೀಕರು, ಮೈಕು ಇಳಿಬಿಟ್ಟು ದನಿಗೆ ಮಾರ್ದನಿಯ ಗುಂಗು ಕೂಡಿಸುತ್ತಿದ್ದ. ಆಮೇಲೆ ಟೇಪು ಸುತ್ತುವ ಎಕೋ ಮಷೀನು ತಂದ. ಅದು ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತಿತ್ತು. ಈಗ ಮುಂಬಯಿಯಿಂದ ಡಿಜಿಟಲ್ ರಿವರ್ಬ್ ಬಂದಿತ್ತು. ಸಣ್ಣ ಪೆಟ್ಟಿಗೆ. ಒಂದು ಬಟನ್ ಒತ್ತಿದರೆ ಕೋಣೆಯ ಗುಂಗು, ಇನ್ನೊಂದು ಒತ್ತಿದರೆ ದೊಡ್ಡ ಗುಡಿಯ ಗುಂಗು. ಹಾಡುವಾಗಲೇ ಆ ಗುಂಗು ಟೇಪಿಗೆ ಸೇರಿಬಿಡುತ್ತಿತ್ತು, ಆಮೇಲೆ ತೆಗೆಯಲು ಬರುತ್ತಿರಲಿಲ್ಲ.

ಹಾಡಿ ನೋಡುವಾಗ ಒಂದು ನುಡಿ ಬಂತು: "ಸಾವಕಾರ, ನಿನ್ನ ಚೀಲಕ್ಕ ತಾಡಪತ್ರಿ, ನನ್ನ ಕೂಸಿಗೆ ಬಿಸಲು."

ತನ್ನ ಅಂಗಡಿ ಮುಂದಿನ ಚೀಲಗಳಿಗೆ ಹೊದಿಸಿದ ಟಾರ್ಪಾಲು ನೆನಪಾಗಿ ಪ್ರಭುಲಿಂಗಪ್ಪನ ಮುಖ ಹುಳ್ಳಗಾಯಿತು. "ಅದೊಂದು ನುಡಿ ಬಿಡವಾ."

"ಬಿಡಂಗಿಲ್ರಿ. ಕೂಸುಗಳು ಇನ್ನೂ ಬಿಸಲಾಗ ಅದಾವ."

ಅವನು ದಾದಾಸಾಬನ ಕಿವಿಯಲ್ಲಿ ಏನೋ ಉಸುರಿ ಕುಳಿತ. ರೆಕಾರ್ಡಿಂಗು ಶುರುವಾಗಿ ಆ ನುಡಿ ಬಂದಾಗ ಕರಿಯವ್ವನ ಹೆಡ್‌ಫೋನಿನಲ್ಲಿ ಚೀಲ, ತಾಡಪತ್ರಿ, ಕೂಸು ಎಲ್ಲ ಒಂದರೊಳಗೊಂದು ಕಲಸಿ ಅಂಬಲಿಯಾಯಿತು. ಅವಳು ಹಾಡು ನಿಲ್ಲಿಸಿದಳು.

"ಏನ್ ಮಾಡೀರಿ, ದಾದಾಸಾಬ್ರ?"

"ದೊಡ್ಡ ಗುಡಿ ಇಡು ಅಂದಾರ್ರೀ ಸಾವಕಾರ್ರು," ಅಂದ ಅವನು, ತಲೆ ಎತ್ತದೆ.

"ದೇವರ ಮುಂದ ಹಾಡಿದಂಗ ಕೇಳ್ತೈತಿ, ಚಲೋ ಅಲ್ಲೇನು?" ಎಂದ ಪ್ರಭುಲಿಂಗಪ್ಪ.

"ದೇವರಿಗಾದ್ರೂ ಮಾತು ತಿಳೀಬೇಕಲ್ರಿ," ಅಂದಳು. ಸಿಟ್ಟು ನೆತ್ತಿಗೇರಿತ್ತು. ಆದರೂ ಹೊರಗೆ ನಡೆಯಲಿಲ್ಲ. "ಇರಲಿ, ಗುಡೀನ ಇರಲಿ. ಹಚ್ರಿ."

ನುಡಿ ಮತ್ತೆ ಬಂತು. "ಸಾವಕಾರ," ಅಂದು ಬಾಯಿ ಮುಚ್ಚಿದಳು. ಗುಂಗು ಪೂರ್ತಿ ಅಡಗುವವರೆಗೆ ಕಾದಳು. "ನಿನ್ನ ಚೀಲಕ್ಕ." ಮತ್ತೆ ಕಾದಳು. ತಾಳ ಕೆಟ್ಟರೆ ಕೆಡಲಿ ಎಂಬ ಹಟ. ಮಾತು ಮುಚ್ಚಲು ಹಚ್ಚಿದ ಮಷೀನು ಈಗ ಒಂದೊಂದು ಮಾತನ್ನೂ ಗುಡಿಯ ಗಂಟೆಯಂತೆ ಬಾರಿಸತೊಡಗಿತು.

"ಬಂದ್ ಮಾಡೋ," ಎಂದ ಪ್ರಭುಲಿಂಗಪ್ಪ.

"ಹಾಡು ಮುಗೀಲಿ ತಡೀರಿ," ಎಂದ ದಾದಾಸಾಬ. ಅವನ ಕೈ ಬಟನ್ನಿನ ಕಡೆ ಹೋಗಲೇ ಇಲ್ಲ.

ಕ್ಯಾಸೆಟ್ ಅಂಗಡಿಗೆ ಬರಲಿಲ್ಲ. ಪ್ರಭುಲಿಂಗಪ್ಪ ಕೈ ತೊಳೆದುಕೊಂಡ. ದಾದಾಸಾಬ ಕವರಿಲ್ಲದ ಒಂದು ಪ್ರತಿ ಮಾಡಿಕೊಟ್ಟ. ಕರಿಯವ್ವ ಅದನ್ನು ಅಂಗಳದ ಎದುರಿನ ಬುಡನಸಾಬನ ಚಹಾದಂಗಡಿಯಲ್ಲಿ ಹಚ್ಚಿಸಿ, ಬಂದು ತನ್ನ ಸಾಲಿನಲ್ಲಿ ಕುಳಿತು ತೊಟ್ಟು ಬಿಡಿಸತೊಡಗಿದಳು. ಹಮಾಲರು ಚೀಲ ಇಳಿಸಿ ನಿಂತು ಕೇಳಿದರು.

"ಸಾವಕಾರ." "ನಿನ್ನ ಚೀಲಕ್ಕ." "ತಾಡಪತ್ರಿ."

ಪ್ರಭುಲಿಂಗಪ್ಪ ಧೋತರ ಎತ್ತಿಕೊಂಡು ಓಡಿ ಬಂದ. "ನನ್ನ ಕೂಸಿಗೆ" ಎಂಬಲ್ಲಿಗೆ ಟೇಪು ಬಂದ್ ಮಾಡಿದ.

ಕರಿಯವ್ವ ಇನ್ನೊಂದು ಕಾಯಿ ಎತ್ತಿಕೊಂಡಳು. ಸಾಲಿನ ಹೆಂಗಸರೆಲ್ಲ, ಕೈಯಲ್ಲಿನ ಕಾಯಿಯಿಂದ ಕಣ್ಣು ತೆಗೆಯದೆ, ಒಟ್ಟಿಗೇ ಅಂದರು: "ಬಿಸಲು."